ಊರ ರಸ್ತೆ – ಭಾಗ 6: ಹಿಂದಿನ ಲೈಟ್ ಯಾರಿಗೆ?

ದೋಸ್ತರೇ, ಮೊದಲನೇ ಫೋಟೊ ನೆನಪೈತಿ? ಕಾಕಾನ ಹಳೇ ಕಾರು, ಹಿಂದಿನ ಎರಡೂ ಲೈಟು ಕರ್ರಗೆ. ಅವತ್ತು ನೀವೆಲ್ಲಾ ‘ಬೆಂಕಿ’ ಹಾಕಿದ್ರಿ. ಸ್ವೈಪ್ ಮಾಡಿ ನೋಡ್ರಿ, ಅದೇ ಕಾರು, ಲೈಟು ಮತ್ತೆ ಕೆಂಪು. ‘ಯಾಕ ತಗದಿ?’ ಅಂತ ಕೇಳಿದವರಿಗೆಲ್ಲಾ ಇದೇ ಉತ್ತರ.

ಮಾಡೋದೇನೂ ಕಷ್ಟ ಇರಲಿಲ್ಲ. ಶಾಂಪೂ ನೀರಿನಿಂದ ಲೈಟ್ ತೊಳೆದು ಒರೆಸಿದೆ, ಕಪ್ಪು ಫಿಲ್ಮ್ ಇಟ್ಟು ಅಕ್ಕನ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಎಳೆದು ಕೂರಿಸಿದೆ. ಅಂಗಳದಾಗ ನಿಂತು ಬ್ರೇಕ್ ಒತ್ತಿಸಿ ನೋಡಿದೆ. ಕೆಂಪು ಕಂಡಿತು. ಸಾಕಲ್ಲ ಅಂದುಕೊಂಡೆ. ಆದ್ರ ನಾನು ನಿಂತಿದ್ದು ಎರಡು ಮಾರು ದೂರದಲ್ಲಿ.

ಭಾರತ ಹುಣ್ಣಿಮೆ ಬಂತು. ಮಾಯಕ್ಕನ ಜಾತ್ರೆಯಲ್ಲಿ ನಮ್ಮ ಚಿಂಚಲಿ ರಸ್ತೆ ಹೆಂಗಿರತೈತಿ ಗೊತ್ತಲ್ಲ: ಮಹಾರಾಷ್ಟ್ರದಿಂದ ಬರೋ ಚಕ್ಕಡಿ, ಭಂಡಾರ ಹಚ್ಚಿಕೊಂಡ ಜನ, ನಡುವೆ ಕಬ್ಬಿನ ಟ್ರ್ಯಾಕ್ಟರ್. ಒಂದು ರಾತ್ರಿ ಕುಡಚಿ ಕಡೆಯಿಂದ ಬರ್ತಿದ್ದೆ. ಹಿಂದೆ ಬೈಕ್ ಮೇಲೆ ಕಾಕಾನ ಮಗ. ಮುಂದೆ ಕಬ್ಬು ತುಂಬಿದ ಟ್ರೇಲರ್, ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ತೀರಾ ಹತ್ತಿರ ಬಂದಮೇಲೆ ಕಂಡಿತು. ಜೋರಾಗಿ ಬ್ರೇಕ್ ಹೊಡೆದೆ. ಹಿಂದೆ ಧಡ್ ಅಂತ ಸದ್ದು.

ತಮ್ಮ ಬಿದ್ದಿದ್ದ. ಮೊಣಕಾಲಿಗೆ ಆರು ಹೊಲಿಗೆ. ನಾನು ಟ್ರ್ಯಾಕ್ಟರಿನವನ ಮೇಲೆ ಕೂಗಾಡಿದೆ: “ಹಿಂದ ಒಂದ್ ಲೈಟರೇ ಬ್ಯಾಡೇನು ನಿನಗ?” ತಮ್ಮ ರಸ್ತೆಯಲ್ಲಿ ಕೂತೇ ಕೇಳಿದ: “ಅಣ್ಣಾ, ನೀ ಬ್ರೇಕ್ ಯಾವಾಗ ಹೊಡದಿ? ನನಗ ಕಾಣಲೇ ಇಲ್ಲ.” ಟ್ರ್ಯಾಕ್ಟರಿನವ ನನ್ನ ಕಾರಿನ ಹಿಂದೆ ಬಂದು ಒಮ್ಮೆ ನೋಡಿದ. ಏನೂ ಅನ್ನಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಹಳೇ ಕಾರುಗಳ ಹಿಂದಿನ ಬಲ್ಬಿನಲ್ಲಿ ಎರಡು ತಂತಿ ಇರ್ತಾವು: ಸುಮ್ಮನೆ ಉರಿಯೋಕೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ಆ ವ್ಯತ್ಯಾಸ ನೋಡಿಯೇ ಹಿಂದಿನವನಿಗೆ ‘ಇವ ನಿಲ್ಲಾಕತ್ತಾನ’ ಅಂತ ತಿಳಿಯೋದು. ಫಿಲ್ಮ್ ನಾಲ್ಕರಲ್ಲಿ ಒಂದು ಪಾಲು ಬೆಳಕು ಮಾತ್ರ ಬಿಟ್ಟರೆ, ಬ್ರೇಕಿನ ಬೆಳಕೂ ನಾಲ್ಕರಲ್ಲಿ ಒಂದು ಪಾಲೇ ಕಾಣ್ತದ. ರಿಫ್ಲೆಕ್ಟರ್ ಕಥೆ ಇನ್ನೂ ಕೆಟ್ಟದ್ದು. ಬೆಳಕು ಫಿಲ್ಮ್ ದಾಟಿ ಒಳಗೆ ಹೋಗಬೇಕು, ಮತ್ತೆ ದಾಟಿ ಹೊರಗೆ ಬರಬೇಕು. ಉಳಿಯೋದು 16ರಲ್ಲಿ ಒಂದು ಪಾಲು. 60ರ ಸ್ಪೀಡಿನಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡ್ತದ. ತಮ್ಮನಿಗೆ ಕಡಿಮೆ ಬಿದ್ದಿದ್ದು ಆ ಒಂದು ಸೆಕೆಂಡೇ.

ಹಿಂದೆ ಕೆಂಪು ದೀಪ ಕಾಣಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಐತಿ. ನಮ್ಮ ಚಿಂಚಲಿ ಸ್ಟೇಷನ್ನಿನಲ್ಲೂ ನೋಡ್ರಿ, ರಾತ್ರಿ ರೈಲಿನ ಕೊನೇ ಡಬ್ಬಿಗೆ ಕೆಂಪು ದೀಪ ಇದ್ದೇ ಇರತೈತಿ. ಅದು ಕಂಡರೇ ರೈಲು ಪೂರ್ತಿ ಬಂತು, ಯಾವ ಡಬ್ಬಿಯೂ ದಾರಿಯಲ್ಲಿ ಉಳಿದಿಲ್ಲ ಅಂತ ಅರ್ಥ. ಹಿಂದಿನ ಲೈಟ್ ನಮ್ಮ ಗಾಡಿ ಮೇಲಿದ್ರೂ ಅದು ಇರೋದು ಹಿಂದೆ ಬರೋರಿಗೆ.

ಈಗಾಗಲೇ ಹಚ್ಚಿದವರು ರಾತ್ರಿ ಒಬ್ಬ ಗೆಳೆಯನನ್ನ ನೂರು ಹೆಜ್ಜೆ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ ಕೇಳ್ರಿ. ತಗಿಯೋದು ಸುಲಭ: ಫಿಲ್ಮ್ ಬಿಸಿ ಮಾಡಿ ಮೂಲೆಯಿಂದ ಎಳೀರಿ, ಅಂಟು ಒರೆಸ್ರಿ. ಸ್ಪ್ರೇ ಹೊಡೆದಿದ್ರೆ ನೀರು ಹಾಕಿ ನುಣುಪು ಉಸುಕಿನ ಕಾಗದದಿಂದ ತಿಕ್ಕಿ ಪಾಲಿಶ್ ಮಾಡಬೇಕು.

ಮನೆಯಲ್ಲಿ ‘ನಾಯಿ ಅಡ್ಡ ಬಂತು’ ಅಂತ ಹೇಳಿದವ ತಮ್ಮನೇ. ನಾನು ಸುಮ್ಮನಿದ್ದೆ. ಈ ಪೋಸ್ಟ್ ಹಾಕೋ ಮೊದಲು ಕಾಕಾನಿಗೆ ಖರೇ ಹೇಳೀನಿ. ಕಾಕಾ ಬೈಯಲಿಲ್ಲ. ಮರುದಿನ ಕೆಂಪು ರಿಫ್ಲೆಕ್ಟರ್ ಟೇಪ್ ತಂದು ಕೈಗಿಟ್ಟ: “ನಮ್ಮ ಟ್ರೇಲರಿಗೂ ಇಲ್ಲ, ಹಚ್ಚು.” ಮೂರನೇ ಫೋಟೊ ಅದು. ತಮ್ಮನೇ ತೆಗೆದದ್ದು, ಕುಂಟುತ್ತಾ.

ನಿಮ್ಮ ಮನೆ ಟ್ರೇಲರಿಗೆ ಐತೇನು? ನೋಡಿ ಬಂದು ಕಮೆಂಟ್ ಹಾಕ್ರಿ.