ಕಾಣುವ ಗ್ಲಾಸು

ವಿಸ್ಕಿಯ ರುಚಿಯಲ್ಲಿ ನಾಲಿಗೆಗಿಂತ ಮೂಗಿನ ಪಾಲೇ ಹೆಚ್ಚು. ಅಗಲ ಬಾಯಿಯ ಟಂಬ್ಲರ್ ಐಸ್‌ಗೆ ಸರಿ. ಪರಿಮಳ ಮಾತ್ರ ಚದುರಿಹೋಗುತ್ತದೆ. ಸ್ಕಾಟ್ಲೆಂಡಿನ ರೇಮಂಡ್ ಡೇವಿಡ್ಸನ್ ರೂಪಿಸಿದ, 2001ರಲ್ಲಿ ಮಾರುಕಟ್ಟೆಗೆ ಬಂದ ಗ್ಲೆನ್‌ಕೇರ್ನ್ ಗ್ಲಾಸಿಗೆ ಉಬ್ಬಿದ ಹೊಟ್ಟೆ, ಕಿರಿದಾದ ಬಾಯಿ. ಹೊಟ್ಟೆಯಲ್ಲಿ ಎದ್ದ ಆವಿಯನ್ನು ಆ ಬಾಯಿ ಒಟ್ಟುಮಾಡಿ ಮೂಗಿಗೆ ತಲುಪಿಸುತ್ತದೆ.

ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದೂ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಫೆಲೋಶಿಪ್ ಬಂದ ತಿಂಗಳು ಅದನ್ನು 30 ಎಂ.ಎಲ್. ಈ ಗ್ಲಾಸಿಗೆ ಸುರಿದು, ನಾಲ್ಕು ಹನಿ ನೀರು ಬೆರೆಸಿ, ಅರ್ಧ ಗಂಟೆ ಕೂರುತ್ತೇನೆ.

ಅಪ್ಪ ಕುಡಿಯುತ್ತಿದ್ದದ್ದು ಸ್ಟೀಲ್ ಲೋಟದಲ್ಲಿ, ಅಡುಗೆಮನೆಯ ಕತ್ತಲಲ್ಲಿ, ಒಂದೇ ಗುಟುಕಿಗೆ. ಎಷ್ಟು ಕುಡಿದನೆಂಬುದು ನಮಗಷ್ಟೇ ಅಲ್ಲ, ಅವನಿಗೂ ಕಾಣಬಾರದಿತ್ತು. ನನಗೆ ಗಾಜೇ ಬೇಕು: ಎಷ್ಟು ಸುರಿದೆ, ಎಷ್ಟು ಉಳಿದಿದೆ ಎಂದು ಕಾಣುವಂಥದ್ದು.