ಅಜ್ಜಮಾಡ ದೇವಯ್ಯನವರ ಮಡಿಕೇರಿ

ಮಡಿಕೇರಿಗೆ ಶಾಲಾ ಪ್ರವಾಸ ಹೋದವರು ಕೋಟೆ, ಓಂಕಾರೇಶ್ವರ ದೇವಾಲಯ, ರಾಜಾಸೀಟು ನೋಡಿಕೊಂಡು ಬಸ್ಸು ಹತ್ತುವುದು ವಾಡಿಕೆ. ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತದಲ್ಲೂ ಅರೆಗಳಿಗೆ ನಿಲ್ಲಬೇಕು. ಅಲ್ಲಿರುವುದು ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪ್ರತಿಮೆ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳ ತಂಡದಲ್ಲಿ ದೇವಯ್ಯ ಬದಲಿ ಪೈಲಟ್. ಸ್ಥಾನವೊಂದು ತೆರವಾದಾಗ ಅವರೂ ಹಾರಿದರು. ಹಿಂದಿರುಗುವ ಹೊತ್ತಿಗೆ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನಟ್ಟಿ ಬಂತು. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ ಅದು. ಏಟು ತಿಂದ ತಮ್ಮ ವಿಮಾನವನ್ನೇ ತಿರುಗಿಸಿ ದೇವಯ್ಯ ಅದರೊಡನೆ ಸೆಣಸಿ ಉರುಳಿಸಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯ ಮರಳಲಿಲ್ಲ.

ಇಲ್ಲಿ ಅವರು ‘ಕಾಣೆಯಾದವರು’ ಎಂದಷ್ಟೇ ದಾಖಲಾದರು. ನಡೆದದ್ದು ತಿಳಿದದ್ದು 1979ರಲ್ಲಿ, ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ಬಳಿಕ. ಪದಕ ಸ್ವೀಕರಿಸಿದವರು ಪತ್ನಿ.

ದೇವಯ್ಯನವರನ್ನು ಬಿದ್ದ ನೆಲದಲ್ಲೇ ಅಲ್ಲಿನ ಹಳ್ಳಿಗರು ಮಣ್ಣು ಮಾಡಿದ್ದರು. ಹೀಗಾಗಿ ಹೂವಿಡಲು ಕೊಡಗಿನವರಿಗೆ ಉಳಿದದ್ದು 2020ರಲ್ಲಿ ಅನಾವರಣಗೊಂಡ ಈ ಪ್ರತಿಮೆಯೇ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಕೂಡ ಇದೆ, ಅದೀಗ ವಸ್ತುಸಂಗ್ರಹಾಲಯ. ಮಕ್ಕಳಿಗೆ ಎರಡನ್ನೂ ತೋರಿಸಿ.