ಹೊಸಪೇಟೆಯಲ್ಲೇ ಇಳಿದುಕೊಂಡರೆ ನಷ್ಟವೇ?

ಪ್ರವಾಸಕ್ಕೆಂದು ಒಮ್ಮೆ ದುಡ್ಡು ಕಟ್ಟಿದ ಮೇಲೆ ಕೊನೆಯ ಊರಿನವರೆಗೂ ಹೋಗಿಯೇ ತೀರಬೇಕು ಎನ್ನುವುದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ಕೊಟ್ಟ ಹಣ ದಂಡವಾಗಬಾರದಲ್ಲ! ಕಾಲು ಊದಿಕೊಂಡಿರಲಿ, ನಿದ್ದೆ ಕೆಟ್ಟಿರಲಿ, ಬೆಳಗಿನ ಐದು ಗಂಟೆಗೆ ಮ್ಯಾನೇಜರು ಬಾಗಿಲು ತಟ್ಟಿದರೆ ಎದ್ದು ಬಸ್ಸು ಹತ್ತಿಬಿಡುತ್ತೇವೆ. ಆದರೆ ಸೋದರಿಯರೇ, ನಾವು ಮನೆ ಬಿಟ್ಟು ಹೊರಟ ಉದ್ದೇಶ ನಡುದಾರಿಯ ಊರಿನಲ್ಲೇ ಇದ್ದರೆ, ಅಲ್ಲಿ ಇಳಿದುಕೊಳ್ಳುವುದು ತಪ್ಪೇ? ಪಂಕ್ತಿಯಲ್ಲಿ ಕುಳಿತವರು ನಡುವೆ ಏಳಬೇಕಾದರೆ ಅಕ್ಕಪಕ್ಕದವರಿಗೆ ಹೇಳಿ ಏಳುವುದಿಲ್ಲವೇ? ಪ್ರವಾಸವೂ ಹಾಗೆಯೇ. ಹೇಳಿ ಏಳಬೇಕು, ಅಷ್ಟೆ.

ನಮ್ಮದು ಮಂಡ್ಯ. 2024ರ ಡಿಸೆಂಬರಿನಲ್ಲಿ ನಾನು, ನಮ್ಮ ಯಜಮಾನರು, ಎಪ್ಪತ್ತಾರು ವರ್ಷದ ನಮ್ಮ ಅತ್ತೆ, ಮೂವರೂ ಬಸ್ಸಿನ ಪ್ರವಾಸಕ್ಕೆ ಹೊರಟೆವು. ಐಹೊಳೆ, ಪಟ್ಟದಕಲ್ಲು, ಬಾದಾಮಿ, ಆಮೇಲೆ ಹಂಪಿ, ಕೊನೆಗೆ ಮಂತ್ರಾಲಯ. ಅತ್ತೆಯವರ ತವರು ಕಂಪ್ಲಿ. ಮಾವನವರು ಆ ಕಡೆ ಕೆಲಸದಲ್ಲಿದ್ದಾಗ ಕೂಡಿಬಂದ ಸಂಬಂಧ. ಅವರ ಅಣ್ಣ ತೀರಿಕೊಂಡ ಮೇಲೆ ಮನೆ ಮಾರಿ ಎಲ್ಲರೂ ಚದುರಿಹೋದರು. ಇಪ್ಪತ್ತೆರಡು ವರ್ಷದಿಂದ ಆ ಊರಿನ ನೀರು ಅವರು ಕುಡಿದಿರಲಿಲ್ಲ.

ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಹೊಸ ತಡೆಗೇಟು ಕೂರಿಸುವಷ್ಟರಲ್ಲಿ ಸುಮಾರು ಒಂದು ವಾರವಾಯಿತು. ಆ ವಾರವೆಲ್ಲ ಅತ್ತೆ ಟೀವಿಯ ಮುಂದಿನಿಂದ ಏಳಲಿಲ್ಲ. ಕಂಪ್ಲಿ ಅಣೆಕಟ್ಟಿನ ಕೆಳಗೆ, ಹೊಳೆಯ ದಂಡೆಯಲ್ಲೇ ಇರುವ ಊರು. "ಹೋಗೋದರೊಳಗೆ ಒಂದ್ಸಲ ನೋಡಿಬರಬೇಕಮ್ಮ" ಅಂತ ಆಗ ಅಂದದ್ದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಬಾದಾಮಿಯಿಂದ ರಾತ್ರಿ ಹೊಸಪೇಟೆಗೆ ಬಂದು ಮಲಗಿದೆವು. ಮರುದಿನ ಬೆಳಗಿನಿಂದ ಸಂಜೆಯವರೆಗೆ ಹಂಪಿ, ಸಂಜೆ ಅಣೆಕಟ್ಟು, ಅದರ ಮರುದಿನ ಐದು ಗಂಟೆಗೆ ಮಂತ್ರಾಲಯದ ಬಸ್ಸು. ಕಂಪ್ಲಿ ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರು ಮಾತ್ರ. ಆದರೆ ಬಸ್ಸು ಆ ಕಡೆ ತಿರುಗುವುದಿಲ್ಲ. ಯಜಮಾನರಿಗೆ ಎರಡು ಚಿಂತೆ: ಕಟ್ಟಿದ ಹಣ ಒಂದು, ರಾಯರ ದರ್ಶನಕ್ಕೆಂದು ಹೊರಟು ಅರ್ಧದಲ್ಲಿ ತಿರುಗಬಹುದೇ ಅನ್ನುವುದು ಇನ್ನೊಂದು. ಅತ್ತೆಯೇ ತೀರ್ಮಾನ ಹೇಳಿದರು: "ರಾಯರು ಎಲ್ಲಿಗೂ ಹೋಗಲ್ಲ ಕಣಪ್ಪ. ನನಗೆ ಕಾಲಲ್ಲಿ ಶಕ್ತಿ ಇರೋದು ಈಗಲೇ." ಅದಕ್ಕೆ ಅವರು ಮಾತಾಡಲಿಲ್ಲ.

ರಾತ್ರಿಯೇ ಮ್ಯಾನೇಜರಿಗೆ ತಿಳಿಸಿದೆವು. ಅವರು ಒಂದು ಹಾಳೆಯಲ್ಲಿ ಬರೆದುಕೊಡಲು ಹೇಳಿದರು: ನಾವು ಮೂವರು ನಮ್ಮ ಇಷ್ಟದಿಂದಲೇ ಹೊಸಪೇಟೆಯಲ್ಲಿ ಇಳಿಯುತ್ತಿದ್ದೇವೆ, ಮುಂದಿನ ಊರುಗಳಿಗೆ ಬರುವುದಿಲ್ಲ ಅಂತ. ಹೆಸರು, ತಾರೀಕು, ಫೋನ್ ನಂಬರು ಹಾಕಿ ಸಹಿ ಮಾಡಿ ಕೊಟ್ಟು, ಅದರದೇ ಒಂದು ಪ್ರತಿಗೆ ಅವರ ಸಹಿ ಪಡೆದು ಇಟ್ಟುಕೊಂಡೆವು. ಉಳಿದ ದಿನಗಳ ಹಣ ವಾಪಸು ಬರಲಿಲ್ಲ. ರಸೀತಿಯ ಹಿಂಬದಿಯಲ್ಲಿ ಹಾಗೆಂದು ಅಚ್ಚಾಗಿಯೇ ಇತ್ತು. ಹಾಗಾಗಿ ಜಗಳಕ್ಕೆ ಜಾಗವಿರಲಿಲ್ಲ.

ಈಗ ಕಂಪ್ಲಿಗೆ ಬನ್ನಿ. ಹೊಸಪೇಟೆಯಿಂದ ಸಾರಿಗೆ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಕಾಲುವೆ, ಬಾಳೆ, ಕಬ್ಬು, ಭತ್ತ. ನಮ್ಮ ಮಂಡ್ಯವನ್ನೇ ತಂದು ಬಂಡೆಗಳ ನಡುವೆ ಇಟ್ಟ ಹಾಗಿದೆ. ವಿಜಯನಗರಕ್ಕಿಂತ ಮೊದಲೇ ಈ ಸೀಮೆಯಲ್ಲಿ ಕಂಪಿಲಿ ರಾಜ್ಯವಿತ್ತು. ಕಂಪಿಲರಾಯ, ಅವನ ಮಗ ಗಂಡುಗಲಿ ಕುಮಾರರಾಮ ದಿಲ್ಲಿಯ ತುಘಲಕನ ಸೈನ್ಯದ ಎದುರು ನಿಂತು ಹೋರಾಡಿದರು. 1327ರ ಸುಮಾರಿಗೆ ಆ ರಾಜ್ಯ ಬಿತ್ತು. ಹತ್ತು ವರ್ಷದೊಳಗೆ, 1336ರಲ್ಲಿ, ವಿಜಯನಗರ ಎದ್ದಿತು. ಊರಾಚೆ ಗಂಗಾವತಿಗೆ ಹೋಗುವ ಸೇತುವೆಯಿದೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಅದು ಮುಳುಗಿ ಸಂಚಾರ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಹೊಳೆ ಸಣ್ಣದಾಗಿ, ಬಂಡೆಗಳ ನಡುವೆ ಮೆಲ್ಲಗೆ ಹರಿಯುತ್ತಿತ್ತು. ಅತ್ತೆ ಸೆರಗು ಎತ್ತಿ ಕಟ್ಟಿ ಕಾಲು ತೊಳೆದುಕೊಂಡು ಒಂದು ಬೊಗಸೆ ನೀರು ಕುಡಿದರು.

ತವರಿನ ಬೀದಿ ಸಿಕ್ಕಿತು. ಮನೆಯ ಮುಂಭಾಗ ಬದಲಾಗಿತ್ತು, ಕಟ್ಟೆ ಮಾತ್ರ ಹಾಗೇ ಇತ್ತು. ಬಾಗಿಲಲ್ಲಿ ನಿಂತ ನಮ್ಮನ್ನು ನೋಡಿ ಮನೆಯಾಕೆ ವಿಷಯ ಕೇಳಿದರು, ಒಳಗೆ ಕರೆದರು. ಅಡುಗೆಮನೆಯ ಮೂಲೆಯಲ್ಲಿ ಹಳೆಯ ಒರಳುಕಲ್ಲು ಇನ್ನೂ ಇತ್ತು. ಅತ್ತೆ ಅದನ್ನು ಮುಟ್ಟಿ ನೋಡಿ ಸುಮ್ಮನೆ ನಿಂತರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಹಾಕಿ ಉಣಿಸಿದರು. ಹೊರಡುವಾಗ ಆಕೆ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಿಡಿದು ಬಂದರು. ಅತ್ತೆ ಹಿಂದೆ ಸರಿದರು. ಮಾವನವರು ಹೋದ ಮೇಲೆ ಅವರಿಗೆ ಯಾರೂ ಉಡಿ ತುಂಬಿರಲಿಲ್ಲ. "ಹಂಗ್ಯಾಕ್ ಅಂತೀರವ್ವ, ತವರುಮನಿಗೆ ಬಂದ ಮಗಳ್ನ ಬರಿಗೈಲಿ ಕಳಿಸ್ತಾರೇನು?" ಅಂತ ಹೇಳಿ ಆಕೆ ಉಡಿ ತುಂಬಿಯೇಬಿಟ್ಟರು. ಬಸ್‌ಸ್ಟ್ಯಾಂಡಿನವರೆಗೂ ಅತ್ತೆ ಮಾತಾಡಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆದರು. ಮಂತ್ರಾಲಯಕ್ಕೆ ಕಟ್ಟಿದ್ದ ಹಣದ ಮಾತನ್ನು ನಮ್ಮ ಯಜಮಾನರು ಆಮೇಲೆ ಎತ್ತಲಿಲ್ಲ.

ಮರುದಿನ ಮತ್ತೆ ಹಂಪಿಗೆ ಹೋದೆವು. ಹೊಸಪೇಟೆಯಿಂದ 13 ಕಿಲೋಮೀಟರು, ಬಸ್ಸುಗಳು ಬೇಕಾದಷ್ಟಿವೆ. ಗುಂಪಿನಲ್ಲಿ ಬಂದಾಗ ವಿಠಲ ದೇವಸ್ಥಾನದ ಕಲ್ಲಿನ ರಥ, ಕಮಲ ಮಹಲು, ಆನೆಲಾಯ ಎಲ್ಲ ಓಡಿ ಓಡಿ ನೋಡಿದ್ದಾಗಿತ್ತು. ಈ ಸಲ ಅತ್ತೆಯವರ ಹೆಜ್ಜೆಗೆ ಹೆಜ್ಜೆ ಹಾಕಿದೆವು. ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನಿಧಾನವಾಗಿ ನೋಡಿದೆವು. ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ ಉಗ್ರನರಸಿಂಹ, ಅದರ ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗ. ಬಡ ಹೆಂಗಸೊಬ್ಬಳು ಮಾಡಿಸಿದ್ದು ಎಂದು ಜನ ಹೇಳುತ್ತಾರೆ. ರಾಯರ ಸಾಲಿನಲ್ಲೇ ಅವಳ ಲಿಂಗವೂ ನಿಂತಿದೆ ನೋಡಿ! ಸಂಜೆ ಹೇಮಕೂಟದ ಬಂಡೆಯ ಮೇಲೆ ಕುಳಿತು, ಕಟ್ಟಿಸಿಕೊಂಡು ಹೋಗಿದ್ದ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. 1986ರಿಂದ ಹಂಪಿ ವಿಶ್ವ ಪರಂಪರೆಯ ತಾಣವಾಗಿದೆ. ಅಂಥ ಜಾಗವನ್ನು ಒಂದೇ ದಿನದಲ್ಲಿ ಮುಗಿಸುತ್ತೇವೆ ಎನ್ನುವುದು ದೊಡ್ಡ ಮಾತೇ ಸರಿ.

ಮೂರನೆಯ ದಿನ ಸಂಡೂರು. ಕಬ್ಬಿಣದ ಅದಿರಿನ ಕೆಂಪು ಗುಡ್ಡಗಳು, ಅವುಗಳ ನಡುವೆ ದಟ್ಟ ಹಸಿರು. ಅದಿರಿನ ಗಣಿಗಾರಿಕೆ ಮಿತಿಮೀರಿ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ತಡೆ ಹಾಕಬೇಕಾಗಿ ಬಂದಿತ್ತು. ಸಂಡೂರು ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನ. ಇಲ್ಲಿನ ಕುಮಾರಸ್ವಾಮಿ ದೇವಸ್ಥಾನವನ್ನು 1932ರಲ್ಲೇ ದಲಿತರಿಗೆ ತೆರೆಯಲಾಯಿತು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಒಂದು ಮಾತು ಮೊದಲೇ ತಿಳಿದಿರಲಿ: ಹೆಂಗಸರು ಕುಮಾರಸ್ವಾಮಿಯ ದರ್ಶನ ಮಾಡುವ ಪದ್ಧತಿ ಇಲ್ಲಿ ಇಲ್ಲ. ಪಕ್ಕದ ಪಾರ್ವತಿಯ ಗುಡಿಗೆ ಹೋಗಬಹುದು. ಜಾತಿಗೆ ತೆರೆದ ಬಾಗಿಲು ನಮಗೂ ತೆರೆದಿದ್ದರೆ ಚೆನ್ನಾಗಿತ್ತು ಅಂತ ನನಗನಿಸಿತು. ನೀವೇನಂತೀರೋ!

ಸಂಡೂರಿನಲ್ಲಿ ಕಸೂತಿಯ ಕೆಲಸ ನೋಡದೆ ಬರಬೇಡಿ. ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರು ಕನ್ನಡಿ, ಕವಡೆ, ಬಣ್ಣದ ದಾರ ಸೇರಿಸಿ ಹೊಲಿಯುವ ಚೀಲ, ದಿಂಬಿನ ಚೀಲ, ರವಿಕೆಗಳನ್ನು ನೋಡಿದರೆ ಕಣ್ಣು ತಣಿಯುತ್ತದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಇವರ 1755 ಬಗೆಯ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಕೆಲಸದಲ್ಲಿ 450ಕ್ಕೂ ಹೆಚ್ಚು ಹೆಂಗಸರ ಕೈಯಿತ್ತು.

ಇನ್ನು ನಡುದಾರಿಯಲ್ಲಿ ಇಳಿಯಬೇಕೆನ್ನುವವರಿಗೆ ನಾಲ್ಕು ಮಾತು. ಹಣ ಕಟ್ಟುವ ಮೊದಲೇ ರಸೀತಿಯ ನಿಯಮ ಓದಿಕೊಳ್ಳಿ. ಇಳಿಯುವುದನ್ನು ಹಿಂದಿನ ರಾತ್ರಿಯೇ ತಿಳಿಸಿ, ಬರಹದಲ್ಲಿ ಕೊಡಿ. ಹೇಳದೆ ಹೋದರೆ ತಲೆ ಎಣಿಸುವವರು ಊರೆಲ್ಲ ಹುಡುಕಬೇಕಾಗುತ್ತದೆ. ಡಿಕ್ಕಿಯ ಸಾಮಾನು ರಾತ್ರಿಯೇ ಇಳಿಸಿಕೊಳ್ಳಿ. ಔಷಧ, ಆಧಾರ್ ಕಾರ್ಡು ಕೈಚೀಲದಲ್ಲಿರಲಿ. ಆ ರಾತ್ರಿಯಿಂದಾಚೆಗಿನ ರೂಮನ್ನು ನೀವೇ ಗೊತ್ತುಮಾಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ರೈಲು, ಬಸ್ಸು, ಆಸ್ಪತ್ರೆ ಮೂರೂ ಇರುವ ಊರಿನಲ್ಲಿ ಇಳಿಯಿರಿ. ಹೊಸಪೇಟೆ ಅಂಥ ಊರು, 2021ರಿಂದ ವಿಜಯನಗರ ಜಿಲ್ಲೆಯ ಮುಖ್ಯ ಪಟ್ಟಣ ಬೇರೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಕಂಪ್ಲಿ, ಹಂಪಿ, ಸಂಡೂರಿಗೆ ನಾನು, ಅತ್ತೆ ಹಾಗೆಯೇ ಓಡಾಡಿದೆವು. ಊರಿಗೆ ಮರಳಲು ಹಂಪಿ ಎಕ್ಸ್‌ಪ್ರೆಸ್ ಇದ್ದೇ ಇದೆ, ರಾತ್ರಿ ಹತ್ತಿದರೆ ಬೆಳಗಾಗುವಾಗ ಬೆಂಗಳೂರು ದಾಟಿಸುತ್ತದೆ.

ಪರದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಹಡಗಿನ ಪ್ರವಾಸಕ್ಕೆ ಕರೆದೊಯ್ಯುವುದೂ ಈಗ ಉಂಟು. ಅಲ್ಲಿ ನಡುವಿನ ಬಂದರಿನಲ್ಲಿ ಇಳಿಯುವುದು ಬಸ್ಸಿನಷ್ಟು ಸುಲಭವಲ್ಲ. ಪಾಸ್‌ಪೋರ್ಟು, ವೀಸಾ, ಬಂದರಿನ ತಪಾಸಣೆ ಎಲ್ಲ ಇರುತ್ತದೆ. ಹಡಗಿನವರಿಗೆ ಬಹಳ ದಿನ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು.

ಮನೆಯಲ್ಲಿ ವಯಸ್ಸಾದವರಿದ್ದರೆ ಪ್ರವಾಸಕ್ಕೆ ಹೊರಡುವ ಮೊದಲು ಊರುಗಳ ಪಟ್ಟಿಯನ್ನು ಅವರ ಮುಂದಿಟ್ಟು, "ಇದರಲ್ಲಿ ನಿಮಗೆ ಬೇಕಾದ್ದು ಯಾವುದು?" ಅಂತ ಕೇಳಿ ನೋಡಿ. ಪಟ್ಟಿಯಲ್ಲಿಲ್ಲದ ಒಂದು ಊರಿನ ಹೆಸರು ಹೇಳಿದರೂ ಹೇಳಿಯಾರು. ಅದು ದಾರಿಯ ಪಕ್ಕದಲ್ಲೇ ಇದ್ದರೆ, ಚೀಲ ಹಿಡಿದು ಇಳಿದುಬಿಡಿ.